ಚಿಕ್ಕುವಿನ ಹಗ್ಗ

ಬಿಕರ್ನಕಟ್ಟೆಯ ನಮ್ಮ ಓಣಿಯಲ್ಲಿ ಯಾರಿಗೆ ಅರ್ಜಿ ಬರೆಸಬೇಕಾದರೂ ನನ್ನ ಹತ್ತಿರ ಬರುತ್ತಾರೆ. ಬೀದಿದೀಪ ಕೆಟ್ಟರೆ, ನೀರಿನ ಬಿಲ್ಲು ಮೂರು ಪಟ್ಟು ಬಂದರೆ, ಜನನ ಪತ್ರದಲ್ಲಿ ಮಗುವಿನ ಹೆಸರು ತಪ್ಪಾದರೆ, ಮೊದಲು ಅವರಿಗೆ ನೆನಪಾಗುವುದು ನಾನು. ಬಿ.ಎ. ಓದಿ ಸಹಕಾರಿ ಸಂಘವೊಂದರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಪತ್ರ ಬರೆದವಳು ನಾನು. ಹೆಚ್ಚು ಹೇಳಿದರೂ ತೊಂದರೆ, ಕಡಿಮೆ ಹೇಳಿದರೂ ತೊಂದರೆ ಎಂಬುದು ಗೊತ್ತು. ಕೆಂಪು ಶಾಯಿಯ ಗೆರೆ ಬೀಳದ ಹಾಗೆ ಬರೆಯುವುದು ಹೇಗೆಂದೂ ಗೊತ್ತು. ಪಕ್ಕದ ಮನೆಯ ಸುಹರಾಳಿಗೆ ಮೂರು ಅರ್ಜಿ ಬರೆದುಕೊಟ್ಟಿದ್ದೆ. ಮೂರೂ ಒಂದೇ ಸಲಕ್ಕೆ ಪಾಸಾದವು. ನಾಲ್ಕನೆಯದಾಗಿ ಅವಳು ಕೇಳಿದ್ದು ಬರೀ ಎರಡು ಗೆರೆ.

ದನ ತಂದದ್ದು ನನ್ನ ಗಂಡ ಸರ್ವೋತ್ತಮ. ಫಳ್ನೀರಿನ ಹೋಟೆಲನ್ನು ತಂಗಿಯ ಮಗ ಸುಜಿತ್‌ನ ಕೈಗೆ ಕೊಟ್ಟು ಮನೆಯಲ್ಲಿ ಕೂತ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ನಮ್ಮದು ಹದಿನೆಂಟು ಸೆಂಟ್ಸ್ ಜಾಗ. ಮನೆ, ಬಾವಿ, ನಾಲ್ಕು ತೆಂಗು, ಹಿಂದೆ ಸ್ವಲ್ಪ ಖಾಲಿ. ಅಷ್ಟರಲ್ಲಿ ಸಾಕಬಹುದಾದ ದನ ಎಂದು ಕಾಸರಗೋಡು ಗಿಡ್ಡ ತಳಿಯ ಒಂದು ಗಬ್ಬದ ಹಸುವನ್ನು ಗಡಿಯಾಚೆಯಿಂದ ತರಿಸಿದರು. ನನ್ನ ಸೊಂಟದಷ್ಟು ಎತ್ತರ. ಹಣೆಯಲ್ಲಿ ಬಿಳಿ ಬೊಟ್ಟು ಇದ್ದುದರಿಂದ ಬೊಳ್ಳಿ ಎಂದು ಹೆಸರಿಟ್ಟೆವು. ಹಳೆಯ ಕಾರ್ ಶೆಡ್ಡೇ ಹಟ್ಟಿಯಾಯಿತು.

ಹಸು ಬಂದ ಮೇಲೆ ಅವರ ಮೊಬೈಲಿನಲ್ಲಿಯೂ ದನಗಳೇ. ಒಂದು ಸಂಜೆ ಜಗಲಿಯಲ್ಲಿ ಕೂತು ಯಾವುದೋ ದೂರದೇಶದ ಹೆಂಗಸಿನ ವಿಡಿಯೋ ತೋರಿಸಿದರು. ಅವಳ ಮನೆ ಹಿಂದೆಯೂ ಇಂಥದೇ ಕುಳ್ಳ ದನಗಳು.

"ನೋಡು ಆಶಾ, ಇವರದ್ದು ಎಷ್ಟು ಸುಲಭ ಮಾರಾಯ್ತಿ. ಹೆಣ್ಣಾದ್ರೆ ಹಾಲಿಗೆ, ಗಂಡಾದ್ರೆ ಫ್ರೀಜರಿಗೆ. ಒಂದು ಕರುವಿನಲ್ಲಿ ಇಡೀ ವರ್ಷದ ಮಾಂಸ ಅಂತೆ."

ಅವರು ನಗುತ್ತಿದ್ದಾಗಲೇ ಹಿಂದಿನ ಗೇಟು ಕಿರ್ರೆಂದಿತು. ಸುಹರಾ ಹಾಲಿನ ಉಗ್ಗ ಹಿಡಿದು ಬರುತ್ತಿದ್ದಳು. ಇವರು ಸದ್ದು ಆರಿಸಿ ಮೊಬೈಲನ್ನು ಮಗುಚಿ ಇಟ್ಟರು. ಅವಳು ಏನನ್ನೂ ನೋಡಿರಲಿಲ್ಲ, ನೋಡಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ಇವರು ಮೊಬೈಲು ಮಗುಚಿದ ರೀತಿ ನನ್ನ ಕಣ್ಣಿಗೆ ಬಿತ್ತು. ನನ್ನ ಕಣ್ಣಿಗೆ ಇಂಥವು ಬೀಳುತ್ತವೆ.

ಸುಹರಾಳ ಗಂಡ ಹಾಶಿಂ ಹದಿನಾಲ್ಕು ವರ್ಷ ಸೌದಿಯ ದಮ್ಮಾಮಿನಲ್ಲಿ ಇದ್ದು ಬಂದು, ಫಳ್ನೀರಿನಲ್ಲಿ ಪೈಪು ನಲ್ಲಿಗಳ ಅಂಗಡಿ ಇಟ್ಟವನು. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಗೇಟು ಇಡಿಸಿದ್ದು ಅವನೂ ಇವರೂ ಸೇರಿ. ಬೊಳ್ಳಿ ಕೊಡುತ್ತಿದ್ದದ್ದು ದಿನಕ್ಕೆ ಒಂದೂವರೆ ಲೀಟರ್. ಅದರಲ್ಲಿ ಅರ್ಧ ಲೀಟರ್ ಅವರಿಗೆ. ಉಗ್ಗ ಎಂದೂ ಖಾಲಿ ಬರುತ್ತಿರಲಿಲ್ಲ. ಹಾಲು ಹೋದ ಪಾತ್ರೆಯಲ್ಲಿ ಎರಡು ಖರ್ಜೂರ, ನಾಲ್ಕು ಬಾಳೆಹಣ್ಣು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರುತ್ತಿತ್ತು. ಬೊಳ್ಳಿ ಕರು ಹಾಕಿದಾಗ ಗಿಣ್ಣು ಮೊದಲು ಹೋದದ್ದು ಅವರ ಮನೆಗೇ. ಕರು ನೋಡಲು ಬಂದ ಸುಹರಾ ಅದರ ಬಣ್ಣ ನೋಡಿ, "ಅಕ್ಕ, ಇದು ಕರುವಲ್ಲ, ಚಿಕ್ಕು ಹಣ್ಣು" ಎಂದಳು. ಅದೇ ಹೆಸರು ಉಳಿಯಿತು.

ಚಿಕ್ಕು ಗಂಡು. ಹಾಲು ಕುಡಿಯುವ ಮನೆಗಳಲ್ಲಿ ಯಾರೂ ಗಂಡು ಕರುವಿನ ಮಾತು ಎತ್ತುವುದಿಲ್ಲ. ನನ್ನ ತಾಯಿಮನೆಯ ಹಟ್ಟಿಯಲ್ಲಿ ವರ್ಷಕ್ಕೆ ಎರಡು ಮೂರು ಗಂಡು ಕರು ಹುಟ್ಟುತ್ತಿದ್ದವು. ಅವು ಎಲ್ಲಿ ಹೋದವು ಎಂದು ನಾನು ಮದುವೆಯಾಗಿ ಬರುವವರೆಗೂ ಕೇಳಿರಲಿಲ್ಲ. ಒಂದು ದಿನ ಇರುತ್ತಿದ್ದವು, ಇನ್ನೊಂದು ದಿನ ಇರುತ್ತಿರಲಿಲ್ಲ.

ಎರಡು ವರ್ಷಕ್ಕೆ ಚಿಕ್ಕು ಹೋರಿಯಾದ. ಕುಳ್ಳನಾದರೂ ಕುತ್ತಿಗೆ ದಪ್ಪ, ಭುಜದ ಮೇಲೆ ಗಟ್ಟಿ ಹಿಣಿಲು. ತಾಯಿಯ ಮೇಲೆಯೇ ಹಾರತೊಡಗಿದ. ಇಂಜೆಕ್ಷನ್ ಕೊಡಿಸಿ ಬೊಳ್ಳಿ ಮತ್ತೆ ಗಬ್ಬವಾಗಿದ್ದಳು. ಅವನಿಂದ ಅವಳನ್ನು ಕಾಯುವುದೇ ನನಗೆ ಕೆಲಸವಾಯಿತು. ಗೋಡೆಗೆ ಹಣೆ ಕೊಟ್ಟು ಎರಡು ಕಲ್ಲು ಬೀಳಿಸಿದ. ಇವರು ಗೋಶಾಲೆಯೊಂದಕ್ಕೆ ಫೋನ್ ಮಾಡಿದರು. "ಗಂಡಾ? ಜಾಗ ಇಲ್ಲ" ಎಂದರು. ದೇವಸ್ಥಾನವೊಂದರಲ್ಲಿ, ಹಸು ಆದರೆ ಕೊಡಿ ಎಂದರು.

ಆಗ ದಾರಿ ತೋರಿಸಿದ್ದು ಸುಹರಾ. ಹಾಶಿಂನ ತಾಯಿ ಖತೀಜಮ್ಮ ತೊಕ್ಕೊಟ್ಟಿನಿಂದ ಒಳಗೆ ಸ್ವಲ್ಪ ಜಾಗದಲ್ಲಿ ಒಬ್ಬರೇ ಇದ್ದರು. ಅವರ ಹತ್ತಿರ ಎರಡು ಗಿಡ್ಡ ಹಸು.

"ಇಂಜೆಕ್ಷನ್ ಮೂರು ಸಲ ಕೊಡಿಸಿದ್ರೂ ಗಬ್ಬ ನಿಲ್ಲುವುದಿಲ್ಲ ಅಕ್ಕ. ಅತ್ತೆ ದಿನಾ ಫೋನ್ ಮಾಡಿ ಅಳ್ತಾರೆ. ನನಗೆ ಮಕ್ಕಳಾಗುವುದು ತಡವಾದಾಗ ಸಹ ಅವರು ಇಷ್ಟು ಅತ್ತಿಲ್ಲ. ಇದೇ ಜಾತಿಯ ಹೋರಿ ಬೇಕಂತೆ. ಚಿಕ್ಕುವನ್ನು ಅಲ್ಲಿ ಸಾಕ್ತಾರೆ."

ನನಗೆ ಖತೀಜಮ್ಮ ಗೊತ್ತು. ಒಮ್ಮೆ ಇಲ್ಲಿಗೆ ಬಂದಿದ್ದಾಗ ಹಟ್ಟಿಗೆ ಬಂದು, ಬೊಳ್ಳಿಯ ಕೆಚ್ಚಲು ಮುಟ್ಟಿ ನೋಡಿ, "ತಣ್ಣೀರಿನಲ್ಲಿ ತೊಳೀತೀಯಾ? ನಿನಗೆ ಯಾರಾದ್ರೂ ಹಾಗೆ ಮಾಡಿದ್ರೆ ಹೇಗಾಗ್ತದೆ?" ಎಂದು ನನ್ನನ್ನು ಗದರಿಸಿ ಹೋದವರು. ಅಂದಿನಿಂದ ನಾನು ಬಿಸಿನೀರು ಬಳಸುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ನನಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಶುಕ್ರವಾರ ಹಾಲಿಗೆ ಬಂದ ಸುಹರಾ ಹೊರಡುವಾಗ ನಿಂತಳು.

"ಅಕ್ಕ, ಎರಡು ಗೆರೆ ಬರೆದು ಕೊಡ್ಬೇಕು. ಇದು ನಮ್ಮ ಹೋರಿ, ಸಾಕ್ಲಿಕ್ಕೆ ಕೊಟ್ಟದ್ದು ಅಂತ. ನಿಮ್ಮ ಸಹಿ ಇದ್ರೆ ಸಾಕು. ದಾರಿಯಲ್ಲಿ ಯಾರಾದ್ರೂ ಕೇಳಿದ್ರೆ ತೋರಿಸ್ಲಿಕ್ಕೆ."

"ಅದಕ್ಕೆಂತ, ಬರೀತೇನೆ" ಎಂದೆ.

"ಇವರು ಬೇಡ ಹೇಳ್ತಾರೆ. ಶೆಟ್ರ ಮನೆಯದ್ದು ಅಂದ್ರೆ ಯಾರು ಎಂತ ಮಾಡ್ತಾರೆ ಹೇಳ್ತಾರೆ. ಆದ್ರೆ ನನಗೆ ಹೆದರಿಕೆ."

"ನನಗೂ ಹಾಗೆಯೇ ಸುಹರಾ. ಕಾಗದ ಇರುವುದೇ ಒಳ್ಳೆಯದು."

ಹೀಗೆ ಹೇಳಿದವಳು ನಾನೇ.

ಆ ಸಂಜೆ ಜಗಲಿಯಲ್ಲಿ ಕಾಗದ ಪೆನ್ನು ಹಿಡಿದು ಕೂತಾಗ ಇವರು ಪೇಪರಿನ ಹಿಂದಿನಿಂದ ಹೇಳಿದರು. "ಬಕ್ರೀದಿಗೆ ಇನ್ನು ಎಷ್ಟು ದಿನ ಉಂಟು ನೋಡಿ ಬರಿ."

"ಎಂತ ಮಾತು ಅದು?"

"ತಮಾಷೆ ಮಾರಾಯ್ತಿ. ನಿನಗೆ ತಮಾಷೆ ಸಹ ಗೊತ್ತಾಗುವುದಿಲ್ಲ."

ತಮಾಷೆಯೇ ಇರಬಹುದು. ಇವರೂ ಹಾಶಿಂನೂ ಪರಸ್ಪರ ಅದಕ್ಕಿಂತ ಕೆಟ್ಟ ತಮಾಷೆ ಮಾಡಿಕೊಂಡದ್ದುಂಟು. ಆದರೆ ನಾನು ಎದ್ದು ಅಡುಗೆಮನೆಯ ಕ್ಯಾಲೆಂಡರ್ ನೋಡಿದೆ. ಹದಿನೇಳು ದಿನ ಇತ್ತು.

"ನಮ್ಮ ಮನೆಯಲ್ಲಿ ಹುಟ್ಟಿದ, ಎರಡು ವರ್ಷ ಪ್ರಾಯದ, ಕಂದು ಬಣ್ಣದ ಗಿಡ್ಡ ತಳಿಯ ಹೋರಿಯನ್ನು ಸಾಕುವ ಉದ್ದೇಶಕ್ಕಾಗಿ" ಎಂದು ಬರೆದೆ. ಮುಂದೆ ಹೋಗಲಿಲ್ಲ. ಉದ್ದೇಶ ಅವರದ್ದು, ಸಹಿ ನನ್ನದು. ಹದಿನೇಳು ದಿನ ಕಳೆದ ಮೇಲೆ ಏನಾದರೂ ಆಯಿತು ಎಂದಿಟ್ಟುಕೊಂಡರೆ, ಈ ಕಾಗದ ಯಾರ ಕೈಯಲ್ಲಿರುತ್ತದೆ? ಇನ್ನೊಂದು ಹಾಳೆ ತೆಗೆದುಕೊಂಡು "ಸಾಕುವುದಾಗಿ ಅವರು ತಿಳಿಸಿದ ಮೇರೆಗೆ" ಎಂದು ಬರೆದೆ. ಅದು ಸುಹರಾಳ ಮುಖಕ್ಕೆ ಹೊಡೆದ ಹಾಗಿತ್ತು. ಮೂರನೆಯದರಲ್ಲಿ ಉದ್ದೇಶವನ್ನೇ ಬಿಟ್ಟೆ, ಬರೀ "ಹಸ್ತಾಂತರಿಸಿರುತ್ತೇವೆ" ಎಂದು ಬರೆದೆ. ಓದಿ ನೋಡಿದಾಗ ಅದು ಯಾತಕ್ಕೂ ಬಾರದ ಕಾಗದ ಎಂದು ನನಗೇ ಕಂಡಿತು. ನಾಲ್ಕನೆಯದು ಏನೆಂದು ನೆನಪಿಲ್ಲ. ನಾಲ್ಕನ್ನೂ ಬಚ್ಚಲಿನ ಒಲೆಗೆ ಹಾಕಿದೆ.

ಭಾನುವಾರ ಎಂಟು ಗಂಟೆಗೆ ಹಾಶಿಂ ಅಂಗಡಿಯ ಗೂಡ್ಸ್ ಆಟೋ ತಂದು ನಮ್ಮ ಗೇಟಿನೆದುರು ನಿಲ್ಲಿಸಿದ. ಮುಚ್ಚುಮರೆ ಏನೂ ಇಲ್ಲ. ಹಿಂದೆ ಬೈಹುಲ್ಲು ಹಾಸಿದ್ದ. ಕೈಯಲ್ಲಿ ನೀಲಿ ಬಣ್ಣದ ಹೊಸ ನೈಲಾನ್ ಹಗ್ಗ.

ಹೊಸ ಹಗ್ಗ ತರಲು ಹೇಳಿದ್ದು ನಾನೇ. ನಮ್ಮಲ್ಲಿ ದನ ಕೊಟ್ಟರೂ ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಹಟ್ಟಿಯ ಭಾಗ್ಯ ಹೋಗುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಕೊಂಡೊಯ್ಯುವವರು ಹೊಸ ಹಗ್ಗ ತಂದು ಕಟ್ಟಿದ ಮೇಲೆ ಹಳೆಯದನ್ನು ಬಿಚ್ಚಿ ಗಂಟೆಯ ಸಮೇತ ಮೊಳೆಗೆ ನೇತುಹಾಕಬೇಕು. ಹಾಶಿಂ ಕಟ್ಟಿದ. ನಾನು ಹಳೆಯದನ್ನು ಬಿಚ್ಚಿದೆ. ಎರಡು ವರ್ಷ ಅವನ ಕುತ್ತಿಗೆಗೆ ಉಜ್ಜಿ ಉಜ್ಜಿ ಆ ಹಗ್ಗ ಬೆಣ್ಣೆಯ ಹಾಗೆ ನುಣುಪಾಗಿತ್ತು.

"ಎಷ್ಟು ಕೊಡ್ಬೇಕು ಶೆಟ್ರೆ?" ಎಂದು ಹಾಶಿಂ ಜೇಬಿಗೆ ಕೈ ಹಾಕಿದ.

"ಹೋಗ ಮಾರಾಯ. ಮನೆಯಲ್ಲಿ ಹುಟ್ಟಿದ ಗಂಡು ಕರುವಿಗೆ ನಾವು ದುಡ್ಡು ತಗೊಳ್ಳುವುದಿಲ್ಲ."

"ಹಾಗಾದ್ರೆ ಮದುಮಗನನ್ನು ಕರ್ಕೊಂಡು ಹೋಗ್ತೇನೆ. ಅಲ್ಲಿ ಒಬ್ಬಳಲ್ಲ, ಇಬ್ಬರು ಕಾಯ್ತಾ ಇದ್ದಾರೆ. ದಿಬ್ಬಣಕ್ಕೆ ನೀವು ಬರುವುದಿಲ್ವಾ?"

"ಮದುವೆ ಊಟಕ್ಕೆ ಹೇಳು, ಬರ್ತೇನೆ."

"ಊಟ ಬೈಹುಲ್ಲು. ಆಗಬಹುದಾ?"

ಇಬ್ಬರೂ ನಕ್ಕರು. ಚಿಕ್ಕು ಆಟೋ ಹತ್ತಲು ಒಪ್ಪದೆ ನಾಲ್ಕು ಕಾಲೂ ಊರಿ ನಿಂತಾಗ ನಾನೇ ಬಾಳೆಹಣ್ಣು ತೋರಿಸಿ ಹತ್ತಿಸಿದೆ. ಸುಹರಾ ಗೇಟಿನ ಹತ್ತಿರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸುಹರಾ, ಅದು... ಪ್ರಿಂಟರ್‌ನಲ್ಲಿ ಇಂಕ್ ಮುಗಿದಿದೆ. ಸಂಜೆಗೆ ಮಾಡಿ ವಾಟ್ಸಪ್ ಮಾಡ್ತೇನೆ."

ನಾನು ಅರ್ಜಿ ಬರೆಯುವುದು ಕೈಯಲ್ಲಿ. ಅವಳ ಮೂರು ಅರ್ಜಿಯನ್ನೂ ಅವಳೆದುರೇ ಕೂತು ಕೈಯಲ್ಲೇ ಬರೆದಿದ್ದೆ. ಅವಳು ಆಟೋದ ಕಡೆ ನೋಡಿ, "ಆಗಲಿ ಅಕ್ಕ. ಹತ್ತು ಕಿಲೋಮೀಟರ್ ಅಲ್ವಾ" ಎಂದಳು.

ಒಂಬತ್ತೂಕಾಲಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ಸುಜಿತ್.

"ಮಾಮಿ, ಮಾಮ ಯಾಕೆ ಫೋನ್ ತೆಗೀತಾ ಇಲ್ಲ?"

"ಸ್ನಾನಕ್ಕೆ ಹೋಗಿದ್ದಾರೆ. ಎಂತಾಯ್ತು?"

"ಸೇತುವೆ ಹತ್ತಿರ ನಮ್ಮ ಸಂಘಟನೆಯ ಹುಡುಗರು ಒಂದು ಆಟೋ ನಿಲ್ಲಿಸಿದ್ದಾರೆ. ಒಳಗೆ ಒಂದು ಗಿಡ್ಡ ಹೋರಿ. ಅವನು ನಿಮ್ಮ ಮನೆಯದ್ದು ಹೇಳ್ತಾ ಇದ್ದಾನಂತೆ. ಕದ್ದದ್ದಲ್ವಾ? ಹೊಸ ಹಗ್ಗ ಉಂಟಂತೆ. ಮನೆಯವರು ಕೊಟ್ಟದ್ದಾದ್ರೆ ಹಳೇ ಹಗ್ಗ, ಗಂಟೆ ಎಲ್ಲ ಇರ್ಬೇಕಲ್ಲ."

ಅವನ ಮಾತಿನ ಹಿಂದೆ ವಾಹನಗಳ ಸದ್ದಿರಲಿಲ್ಲ. ಅವನು ಹೋಟೆಲಿನಲ್ಲೇ ಇದ್ದ, ತಟ್ಟೆಗಳ ಸದ್ದು ಕೇಳುತ್ತಿತ್ತು. ಇನ್ನೊಂದು ಫೋನಿನಲ್ಲಿ ಅವನು ಯಾರನ್ನೋ ಕಾಯಿಸಿಟ್ಟಿದ್ದ. ನಾನು ಏನು ಹೇಳುತ್ತೇನೋ ಅದು ಅದೇ ಗಳಿಗೆಯಲ್ಲಿ ಸೇತುವೆಗೆ ಹೋಗುತ್ತದೆ ಎಂದು ನನಗೆ ಅರ್ಥವಾಯಿತು.

"ಕದ್ದದ್ದಲ್ಲ" ಎಂದೆ. "ನಾವೇ ಕೊಟ್ಟದ್ದು."

"ಮಾರಿದ್ದಾ?"

"ಅಲ್ಲ. ಸುಮ್ಮನೆ ಕೊಟ್ಟದ್ದು."

"ಸುಮ್ಮನೆಯಾ? ಅವರಿಗಾ? ಎಂತಕ್ಕೆ ಕೊಟ್ಟದ್ದು ಮಾಮಿ?"

ಎದುರಿಗೆ ಹಟ್ಟಿಯ ಗೋಡೆಯಲ್ಲಿ ಚಿಕ್ಕುವಿನ ಹಗ್ಗ ನೇತಾಡುತ್ತಿತ್ತು. ಹಗ್ಗವನ್ನು ನಾವು ಕೊಡುವುದಿಲ್ಲ ಸುಜಿತ್, ನಿನ್ನ ಅಜ್ಜಿಯ ಮನೆಯಲ್ಲೂ ಕೊಡುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಸಾಕಲು ಎಂದಷ್ಟೇ ಹೇಳಿದ್ದರೂ ಸಾಕಾಗುತ್ತಿತ್ತು. ಅಡುಗೆಮನೆಯ ಕ್ಯಾಲೆಂಡರು ನನ್ನ ಬೆನ್ನ ಹಿಂದೆ ಇತ್ತು.

"ಅದು ಅವರ ಹತ್ತಿರವೇ ಕೇಳು" ಎಂದೆ.

"ಸರಿ ಮಾಮಿ" ಎಂದು ಸುಜಿತ್ ಫೋನ್ ಇಟ್ಟ.

ಸ್ನಾನ ಮುಗಿಸಿ ಬಂದ ಇವರಿಗೆ ಮಾತಿಗೆ ಮಾತು ಹೇಳಿದೆ. ತಲೆ ಒರೆಸಿಕೊಳ್ಳುತ್ತ ಕೇಳಿದರು. "ಸರಿಯಾಗಿಯೇ ಹೇಳಿದ್ದಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ" ಎಂದರು.

ಹತ್ತು ನಿಮಿಷದಲ್ಲಿ ಸುಹರಾ ಹಿಂದಿನ ಗೇಟಿನಿಂದ ಓಡಿ ಬಂದಳು. ಚಪ್ಪಲಿ ಹಾಕಿರಲಿಲ್ಲ.

"ಅಕ್ಕ, ಇವರ ಫೋನ್ ಬೇರೆ ಯಾರೋ ತೆಗೆದು ಬೈತಾ ಇದ್ದಾರೆ. ನಿಮ್ಮ ಸುಜಿತ್‌ಗೆ ಒಂದು ಫೋನ್ ಮಾಡಿ ಅಕ್ಕ. ಅವರು ಹೇಳಿದ್ರೆ ಬಿಡ್ತಾರೆ."

ಅವಳೆದುರೇ ಮಾಡಿದೆ. ನಾಲ್ಕು ಸಲ ರಿಂಗ್ ಆಯಿತು. ಐದನೆಯದಕ್ಕೆ ಕಾಯದೆ ಕಟ್ ಮಾಡಿ, "ತೆಗೀತಾ ಇಲ್ಲ" ಎಂದೆ. ಇವರು ಕಾರು ತೆಗೆದು ಹೋಗಬಹುದಿತ್ತು. ಟ್ರಾಫಿಕ್ಕಿನಲ್ಲಿಯೂ ಅರ್ಧ ಗಂಟೆಯ ದಾರಿ. "ನಾನು ಹೋದ್ರೆ ಇನ್ನೂ ದೊಡ್ಡದಾಗ್ತದೆ" ಎಂದು ಅಂಗಿ ಹುಡುಕುತ್ತಲೇ ಇದ್ದರು.

ಹಾಶಿಂನ ಎಡ ಮುಂಗೈಯ ಎರಡೂ ಎಲುಬು ಮುರಿದಿದ್ದವು. ಒಂದು ಕಿವಿ ಕೇಳಿಸುತ್ತಿರಲಿಲ್ಲ. ಪೊಲೀಸರು ಬಂದು ಅವನನ್ನು ಬಿಡಿಸಿದರು, ಆಮೇಲೆ ಅವನ ಮೇಲೆಯೇ ಕೇಸು ಹಾಕಿದರು. ಕಳ್ಳತನದ ಕೇಸಲ್ಲ. ಹೋರಿಯ ಮನೆಯವರು ತಾವೇ ಕೊಟ್ಟದ್ದೆಂದು ಒಪ್ಪಿದ್ದಾರೆ, ಎಂತಕ್ಕೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲವಂತೆ ಎಂದು ನನ್ನ ಮಾತು ಠಾಣೆಯವರೆಗೆ ಹೋಗಿತ್ತು. ವಧೆಗಾಗಿ ಸಾಗಾಟದ ಕೇಸು. ಮರುದಿನದ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಆಟೋ ಠಾಣೆಯ ಅಂಗಳಕ್ಕೆ ಹೋಯಿತು. ಚಿಕ್ಕು, ಜಾಗ ಇಲ್ಲ ಎಂದಿದ್ದ ಅದೇ ಗೋಶಾಲೆಗೆ ಹೋದ.

ಮೂರನೆಯ ದಿನ ಫಳ್ನೀರಿನ ಆಸ್ಪತ್ರೆಗೆ ಹೋದೆ. ಬ್ಯಾಗಿನಲ್ಲಿ ಪತ್ರ ಇತ್ತು. ಹಿಂದಿನ ರಾತ್ರಿ ಕೂತು ಬರೆದದ್ದು. ಹೋರಿ ಹುಟ್ಟಿದ್ದು, ಖತೀಜಮ್ಮನ ಹಸುಗಳು, ಹಣ ತೆಗೆದುಕೊಳ್ಳದ ಕ್ರಮ, ಹಗ್ಗದ ಕ್ರಮ, ಎಲ್ಲವನ್ನೂ ಬರೆದಿದ್ದೆ. ಒಂದೂವರೆ ಪುಟ. ನಾನು ಬರೆದ ಅರ್ಜಿಗಳಲ್ಲಿ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ವಾರ್ಡಿನ ಹೊರಗೆ ಬೆಂಚಿನಲ್ಲಿ ಸುಹರಾ, ಅವಳ ಮಗಳು ಹಸ್ನಾ ಕೂತಿದ್ದರು. ಹಸ್ನಾ ಬಿ.ಕಾಂ. ಎರಡನೇ ವರ್ಷ. ಬೇರೆ ದಿನವಾದರೆ "ಆಂಟಿ" ಎಂದು ಎದ್ದು ಜಾಗ ಕೊಡುತ್ತಿದ್ದಳು. ಈಗ ಎದ್ದಳು, ಆದರೆ ನೀರಿನ ಬಾಟಲಿ ತೆಗೆದುಕೊಂಡು ಒಳಗೆ ಹೋದಳು.

ಸುಹರಾ ಪತ್ರವನ್ನು ನಿಧಾನವಾಗಿ ಓದಿದಳು. ಓದಿ ಮುಗಿಸಿ ಮತ್ತೊಮ್ಮೆ ಮೊದಲಿನಿಂದ ಓದಿದಳು.

"ಚಂದ ಬರೆದಿದ್ದೀರಿ ಅಕ್ಕ. ಅತ್ತೆ ನಿಮಗೆ ಬೈದದ್ದು ಸಹ ಹಾಕಿದ್ದೀರಿ."

"ಅದು ಇದ್ರೆ ನಂಬಿಕೆ ಬರ್ತದೆ ಅಂತ."

"ನನಗೆ ನಂಬಿಕೆ ಬರ್ಬೇಕಾಗಿಲ್ಲ. ನನಗೆ ಗೊತ್ತುಂಟು." ಪತ್ರವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ವಕೀಲರು ಹೇಳಿದ್ರು, ಬರೀ ಕಾಗದ ಸಾಲುವುದಿಲ್ಲ, ನೀವು ಠಾಣೆಗೆ ಬಂದು ಇದನ್ನೇ ಹೇಳಿಕೆ ಕೊಡ್ಬೇಕಂತೆ. ನಾಳೆ ಹನ್ನೊಂದು ಗಂಟೆಗೆ. ಬರ್ತೀರಾ?"

"ಇವರ ಹತ್ತಿರ ಒಂದು ಮಾತು ಕೇಳ್ತೇನೆ" ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ, "ಅಕ್ಕ, ಅವತ್ತು ನಿಮ್ಮ ಸುಜಿತ್ ಫೋನ್ ಮಾಡಿದಾಗ ನೀವು ಎಂತ ಹೇಳಿದ್ದು?" ಎಂದು ಕೇಳಿದಳು.

"ನಾವೇ ಕೊಟ್ಟದ್ದು, ಕದ್ದದ್ದಲ್ಲ ಅಂತ ಹೇಳಿದೆ."

"ಅಷ್ಟೇಯಾ?"

"ಅಷ್ಟೇ."

"ಆ ಹುಡುಗರು ಇವರಿಗೆ ಹೊಡೀವಾಗ ಅದನ್ನೇ ಹೇಳ್ತಾ ಇದ್ರಂತೆ. ಕೊಟ್ಟವರಿಗೇ ಗೊತ್ತಿಲ್ಲ, ಕೊಟ್ಟವರಿಗೇ ಗೊತ್ತಿಲ್ಲ ಅಂತ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು. "ಇವರಿಗೆ ಈಗ ಒಂದು ಕಿವಿ ಕೇಳುವುದಿಲ್ಲ ನೋಡಿ. ಅದಕ್ಕಿಂತ ಮೊದಲು ಕೇಳಿದ್ದು ಅದು."

ಮನೆಗೆ ಬಂದು ಇವರನ್ನು ಕೇಳಿದೆ. ಹೇಗೆ ಕೇಳಿದೆನೆಂದರೆ, "ಠಾಣೆಗೆ ಬರ್ಬೇಕಂತೆ, ನಾವೆಲ್ಲ ಅಲ್ಲಿಗೆ ಹೋಗುವುದು ಚಂದವಾ?" ಎಂದು ಕೇಳಿದೆ. ಬೇಡ ಎಂಬ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟಿದ್ದೆ. ಇವರು ಅದನ್ನು ಎತ್ತಿಕೊಂಡರಷ್ಟೆ.

"ಚಂದ ಅಲ್ಲ. ನಾಳೆ ಸುಜಿತ್‌ನ ಹೆಸರೂ ಬರ್ತದೆ. ತಂಗಿಗೆ ನಾನು ಎಂತ ಮುಖ ತೋರಿಸುವುದು? ಪತ್ರ ಕೊಟ್ಟಿದ್ದಿಯಲ್ಲ, ಸಾಕು. ವಕೀಲರು ನೋಡ್ಕೊಳ್ತಾರೆ."

ಮರುದಿನ ಹನ್ನೊಂದು ಗಂಟೆಗೆ ನಾನು ಹಟ್ಟಿ ತೊಳೆಯುತ್ತಿದ್ದೆ. ಹನ್ನೊಂದೂಕಾಲಕ್ಕೆ ಫೋನ್ ಬಂತು. ಕೈ ಒದ್ದೆ ಇತ್ತು. ಮತ್ತೆ ಬರಲಿಲ್ಲ.

ಹಾಶಿಂಗೆ ಹನ್ನೊಂದು ದಿನದ ಮೇಲೆ ಜಾಮೀನು ಸಿಕ್ಕಿತು. ಬಕ್ರೀದ್ ಬಂತು, ಹೋಯಿತು. ಪಕ್ಕದ ಮನೆಯಿಂದ ವರ್ಷವೂ ಬರುತ್ತಿದ್ದ ಸೇಮಿಗೆ ಪಾಯಸ ಬರಲಿಲ್ಲ. ಜೂನ್ ಕೊನೆಯಲ್ಲಿ ಅವರು ಮನೆ ಬಾಡಿಗೆಗೆ ಕೊಟ್ಟು ತೊಕ್ಕೊಟ್ಟಿಗೆ, ಖತೀಜಮ್ಮನ ಹತ್ತಿರ ಹೋದರು. ಸಾಮಾನು ಹೋದ ದಿನ ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕಪಾಟು, ಹೊಲಿಗೆ ಮೆಷಿನ್, ಹಸ್ನಾಳ ಸ್ಕೂಟಿ ಒಂದೊಂದಾಗಿ ಹೋದವು. ಎಲ್ಲ ಹೋದ ಮೇಲೆ ಹಿಂದಿನ ಗೇಟಿನ ಕಂಬದ ಮೇಲೆ ನಮ್ಮ ಹಾಲಿನ ಉಗ್ಗ ಇತ್ತು. ತೊಳೆದು, ಒರೆಸಿ, ಮಗುಚಿ ಇಟ್ಟಿದ್ದಳು. ಎತ್ತಿ ನೋಡಿದೆ. ಒಳಗೆ ಏನೂ ಇರಲಿಲ್ಲ.

ಗೋಶಾಲೆಗೆ ಒಮ್ಮೆ ಫೋನ್ ಮಾಡಿದೆ. ಮೇ ತಿಂಗಳಲ್ಲಿ ಪೊಲೀಸರು ತಂದ ಒಂದು ಗಿಡ್ಡ ಹೋರಿ, ಕಂದು ಬಣ್ಣ, ಹೇಗಿದ್ದಾನೆ ಎಂದು ವಿಚಾರಿಸಿದೆ. ಆ ಕಡೆಯವನು ಕಿವಿಯ ಓಲೆಯ ನಂಬರ್ ಕೇಳಿದ. ನಾವು ಓಲೆ ಹಾಕಿಸಿರಲಿಲ್ಲ.

"ನಂಬರ್ ಇಲ್ಲದಿದ್ರೆ ಹೇಗಮ್ಮ? ಅಂಥದ್ದು ಇಲ್ಲಿ ಬೇಕಾದಷ್ಟು ಬರ್ತವೆ, ಹೋಗ್ತವೆ."

ಎಲ್ಲಿಗೆ ಹೋಗ್ತವೆ ಎಂದು ಕೇಳಲಿಲ್ಲ.

ಆಗಸ್ಟಿನಲ್ಲಿ ಬೊಳ್ಳಿ ಕರು ಹಾಕಿದಳು. ಗಂಡು. ಮತ್ತೆ ಅದೇ ಚಿಕ್ಕು ಹಣ್ಣಿನ ಬಣ್ಣ. ಗಿಣ್ಣು ಮಾಡಿದೆ. ಇಬ್ಬರಿಗೆ ಹೆಚ್ಚಾಯಿತು. ಎರಡನೆಯ ದಿನ ಹುಳಿ ವಾಸನೆ ಬಂದು ತೆಂಗಿನ ಬುಡಕ್ಕೆ ಸುರಿದೆ. ಈ ಕರುವಿಗೆ ನಾವು ಹೆಸರಿಡಲಿಲ್ಲ. ಇಡಬಾರದೆಂದು ಯಾರೂ ಹೇಳಿರಲಿಲ್ಲ, ಇಬ್ಬರೂ ಇಡಲಿಲ್ಲ.

ಮೂರು ವಾರ ಕಳೆದ ಮೇಲೆ ಇವರು ಊಟದ ಹೊತ್ತಿಗೆ, "ಹಾಲು ಅರ್ಧ ಅದೇ ಕುಡೀತದೆ. ಇನ್ನೆರಡು ವರ್ಷಕ್ಕೆ ಪುನಃ ಅದೇ ರಗಳೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮುದ್ದುವಿಗೆ ಹೇಳಿದ್ದೇನೆ" ಎಂದರು.

ಮುದ್ದು ನಮ್ಮ ಕಡೆಯ ದನದ ದಲ್ಲಾಳಿ. ಮದುವೆ ಮನೆಗಳಲ್ಲಿ ಕಾಣಸಿಗುವ, ಎಲ್ಲರಿಗೂ ಗುರುತಿರುವ, ಎಲೆ ಅಡಿಕೆ ಜಗಿಯುತ್ತ ಎಲ್ಲರ ಸುಖದುಃಖ ವಿಚಾರಿಸುವ ಮನುಷ್ಯ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಪಿಕಪ್ಪಿನಲ್ಲಿ ಬಂದ. ಹಿಂದೆ ಟಾರ್ಪಾಲಿನ ಕೆಳಗೆ ಏನೋ ಅಲುಗಾಡುತ್ತಿತ್ತು. ಸಣ್ಣ ಸಣ್ಣ ಗೊರಸಿನ ಸದ್ದು.

"ಎಲ್ಲಿಗೆ ಮುದ್ದು?" ಎಂದು ಕೇಳಿದೆ.

"ಘಟ್ಟದ ಮೇಲೆ ಒಬ್ಬರು ಸಾಕ್ತಾರೆ ಅಕ್ಕ. ಒಳ್ಳೆ ಜನ. ಎಷ್ಟು ಕೊಟ್ರೂ ತಗೊಳ್ತಾರೆ."

ಹೇಳುವಾಗ ಅವನು ನನ್ನನ್ನು ನೋಡಲಿಲ್ಲ. ಗೋಡೆಯನ್ನು ನೋಡಿದ. ತಾಯಿಹಾಲು ಬಿಡದ ಗಂಡು ಕರುಗಳನ್ನು ಎಷ್ಟು ಕೊಟ್ಟರೂ ಸಾಕುವವರು ಯಾರು? ಅವನಿಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅದರ ಹೆಸರನ್ನು ಮೂವರಲ್ಲಿ ಯಾರೂ ಹೇಳಲಿಲ್ಲ.

ನಾನು ಒಳಗೆ ಹೋಗಿ ಮೇಜಿನ ಮೇಲಿದ್ದ ಕಾಗದ ತಂದೆ. ಆ ಬೆಳಿಗ್ಗೆ ಬರೆದಿಟ್ಟಿದ್ದೆ. ಐದು ನಿಮಿಷವೂ ಹಿಡಿದಿರಲಿಲ್ಲ, ಒಂದು ಅಕ್ಷರವೂ ಹೊಡೆದುಹಾಕಿರಲಿಲ್ಲ. ನಮ್ಮ ಮನೆಯಲ್ಲಿ ಹುಟ್ಟಿದ ಗಂಡು ಕರುವನ್ನು ಸಾಕುವ ಉದ್ದೇಶಕ್ಕಾಗಿ ಕೊಟ್ಟಿರುತ್ತೇವೆ. ಕೆಳಗೆ ಸಹಿ, ತಾರೀಕು.

ಮುದ್ದು ಕಾಗದವನ್ನು ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ ನಕ್ಕ. "ಎಂತ ಅಕ್ಕ ಇದು? ನನಗೆ ಎಂತಕ್ಕೆ? ಇಪ್ಪತ್ತು ವರ್ಷ ಆಯ್ತು. ನನ್ನನ್ನು ಯಾರು ನಿಲ್ಲಿಸ್ತಾರೆ?" ಎಂದು ಅದನ್ನು ನನಗೇ ವಾಪಸು ಕೊಟ್ಟ. "ಅದರ ಬದಲು ಒಂದು ತುಂಡು ಹಗ್ಗ ಉಂಟಾ ನೋಡಿ. ಇವತ್ತು ತರ್ಲಿಕ್ಕೆ ಮರೆತೆ."

ಇವರು ನನ್ನ ಮುಖ ನೋಡಿದರು. ಹಗ್ಗ ಕೊಡಬಾರದು ಎಂದು ಇವರಿಗೂ ಗೊತ್ತು. ನಾನು ಹಟ್ಟಿಗೆ ಹೋಗಿ ಮೊಳೆಯಿಂದ ಚಿಕ್ಕುವಿನ ಹಗ್ಗ ತೆಗೆದೆ. ಗಂಟೆ ಬಿಚ್ಚಿ ಕಿಟಕಿಯಲ್ಲಿಟ್ಟೆ. ಮುದ್ದು ಕರುವಿನ ನಾಲ್ಕು ಕಾಲುಗಳನ್ನೂ ಒಟ್ಟಿಗೆ ಸೇರಿಸಿ ಅದರಲ್ಲಿ ಕಟ್ಟಿ, ಎತ್ತಿ, ಟಾರ್ಪಾಲಿನ ಕೆಳಗೆ ಇಟ್ಟ. ಹಗ್ಗ ನುಣುಪಾಗಿದ್ದುದರಿಂದ ಗಂಟು ಜಾರಿತು. ಎರಡನೆಯ ಸಲ ಬಿಗಿಯಾಗಿ ಹಾಕಿದ.

ಪಿಕಪ್ಪು ಓಣಿಯ ತಿರುವು ದಾಟುವವರೆಗೂ ಬೊಳ್ಳಿ ಕೂಗುತ್ತಿದ್ದಳು. ತಿರುವಿನಲ್ಲಿ ಎದುರಿನಿಂದ ಬಂದ ಎರಡು ಬೈಕುಗಳು ಅವನಿಗೆ ದಾರಿ ಬಿಟ್ಟವು. ಒಬ್ಬ ಕೈ ಎತ್ತಿದ, ಮುದ್ದುವೂ ಕೈ ಎತ್ತಿದ.

"ಇನ್ನು ಹಾಲು ಪೂರಾ ನಮಗೆ" ಎನ್ನುತ್ತ ಇವರು ಒಳಗೆ ಹೋದರು.

ಕಾಗದ ನನ್ನ ಕೈಯಲ್ಲೇ ಇತ್ತು. ಸಹಿ ಹಾಕಿ ಆಗಿತ್ತು.